ಉಪ್ಪು ನೀರಿನ ವುಜೂ

ನಮ್ಮೂರಲ್ಲಿ ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ದಿಕ್ಕು, ಹುಡುಕುವ ಕಷ್ಟವಿಲ್ಲ. ಹೊನ್ನಾವರದ ದಡದಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತು, ಒಂಚೂರು ಬಲಕ್ಕೆ ತಿರುಗಿದರೆ ಮೆಕ್ಕಾದ ದಿಕ್ಕು. ದೋಣಿ ಹತ್ತಿದ ಮೇಲೆ ಮಾತ್ರ ಕತೆ ಬೇರೆ.

ಅಬ್ಬಾನ ಜೊತೆ ಮೊದಲ ಸಲ ಬಂಗಡೆ ಮೀನಿಗೆ ಹೋದಾಗ ನನಗೆ ಹದಿನಾರು. ಬೆಳಗಿನ ಫಜ್ರ್ ನಮಾಜ್ ಮುಗಿಸಿ ಹೊರಟಿದ್ದೆವು. ಬಲೆ ಬಿಟ್ಟು ಕೂತಿದ್ದಾಗ ಮಧ್ಯಾಹ್ನದ ಜುಹರ್ ಹೊತ್ತಾಯಿತು. ನಮಾಜಿಗೆ ಮುಂಚೆ ಕೈ, ಮುಖ, ಕಾಲು ತೊಳೆದು ವುಜೂ ಮಾಡಬೇಕು. ಕ್ಯಾನಿನಲ್ಲಿ ಕುಡಿಯುವ ನೀರು ತಳದಲ್ಲಿತ್ತು.

"ನೀರು ಕಮ್ಮಿ ಇದೆ ಅಬ್ಬಾ, ಮನೆಗೆ ಹೋದ ಮೇಲೆ ಮಾಡೋಣ" ಎಂದೆ.

ಅವರು ಸುಮ್ನೆ ಬಕೆಟ್ಟಿಗೆ ಹಗ್ಗ ಕಟ್ಟಿ ಸಮುದ್ರಕ್ಕೆ ಇಳಿಸಿದರು.

ಇದೇ ಪ್ರಶ್ನೆಯನ್ನು ಒಬ್ಬಾತ ಪ್ರವಾದಿ ಮುಹಮ್ಮದರಿಗೆ ಕೇಳಿದ್ದು ಹದೀಸಿನಲ್ಲಿ, ಅಂದರೆ ಪ್ರವಾದಿಯವರ ನುಡಿ-ನಡೆಗಳ ದಾಖಲೆಯಲ್ಲಿ, ಇದೆ. ನಾವು ಸಮುದ್ರದಲ್ಲಿ ಹೋಗುತ್ತೇವೆ, ಸಿಹಿನೀರು ಸ್ವಲ್ಪವೇ ಇರುತ್ತದೆ, ಅದರಲ್ಲಿ ವುಜೂ ಮಾಡಿದರೆ ಬಾಯಾರಬೇಕಾಗುತ್ತದೆ, ಸಮುದ್ರದ ನೀರು ಆಗುತ್ತದೆಯೇ ಎಂದು. ಅದರ ನೀರು ಶುದ್ಧ, ಅದರಲ್ಲಿ ಸತ್ತದ್ದೂ ಹಲಾಲ್ ಎಂದರು ಪ್ರವಾದಿಯವರು. ಕೇಳಿದ್ದು ನೀರು, ಮೀನೂ ಸಿಕ್ಕಿತು ನೋಡಿ!

ಬಾಯಿ ಮುಕ್ಕಳಿಸಿದರೆ ನಾಲಿಗೆಯೆಲ್ಲ ಉಪ್ಪು. ಬಲೆ ಹಗ್ಗ ಕುಯ್ದ ಬೆರಳು ಚುರ್ ಎಂದಿತು. ಮೊಣಕೈವರೆಗೆ ತೊಳೆದ ನೀರು ಒಣಗಿ ಬೆಳ್ಳಗೆ ಪುಡಿಯಾಯಿತು. ಕೈ ಕಟ್ಟಿ ನಿಂತೆ. ಒಂದು ಅಲೆ ಬಂತು, ಮುಗ್ಗರಿಸಿದೆ. ಇನ್ನೊಂದಕ್ಕೆ ಬಿದ್ದೇಬಿಟ್ಟೆ. "ನಿಲ್ಲೋಕಾಗದಿದ್ರೆ ಕೂತು ಮಾಡು, ಮಾಡದೆ ಇರಬೇಡ" ಎಂದರು ಅಬ್ಬಾ. ದೋಣಿ ತಿರುಗಿದಂತೆ ಅವರೂ ಕಿಬ್ಲಾದ ಕಡೆ ಮೆಲ್ಲಗೆ ತಿರುಗುತ್ತಿದ್ದರು. ಸಜ್ದಾಕ್ಕೆ ಹಣೆ ಇಟ್ಟರೆ ಹಲಗೆಯಲ್ಲಿ ಮೀನಿನ ವಾಸನೆ, ಕೆಳಗೆ ನೀರು ಬಡಿಯುವ ಸದ್ದು.

ನೀರಿಲ್ಲದಿದ್ದರೆ ವುಜೂ ಬದಲು ಶುದ್ಧ ಮಣ್ಣು ಮುಟ್ಟಿ ಮುಖ, ಕೈ ಒರೆಸುವ ತಯಮ್ಮುಮ್. ದೂರ ಪ್ರಯಾಣವಾದರೆ ನಾಲ್ಕು ರಕಅತ್, ಅಂದರೆ ನಮಾಜಿನ ನಾಲ್ಕು ಸುತ್ತು, ಎರಡಾಗುತ್ತದೆ. ಇಷ್ಟು ರಿಯಾಯಿತಿ ಕೊಟ್ಟ ಮೇಲೆ ನೆಪ ಹೇಳಲು ನಮಗೆ ಜಾಗವೆಲ್ಲಿ?

ನಿಜ ಹೇಳಬೇಕೆಂದರೆ, ಮಸೀದಿಯಲ್ಲಿ ಫ್ಯಾನಿನ ಕೆಳಗೆ ನಿಂತಾಗಲೇ ನನ್ನ ಮನಸ್ಸು ಜಾಸ್ತಿ ಓಡುವುದು. ಸಂಜೆಯ ಅಸರ್ ಮುಗಿಯುವುದರೊಳಗೆ ಬಂದರಿನಲ್ಲಿ ಬುಟ್ಟಿಗೆ ಎಷ್ಟು ಸಿಗಬಹುದು ಎಂಬ ಲೆಕ್ಕವೂ ಮುಗಿದಿರುತ್ತದೆ. ಆಗಿದ್ದು ಮೂರು ರಕಅತೋ ನಾಲ್ಕೋ ಎಂದು ಅನುಮಾನ. ಅದಕ್ಕೂ ದಾರಿಯಿದೆ. ಮೂರೇ ಎಂದು ಹಿಡಿದು ಇನ್ನೊಂದು ಪೂರೈಸಿ, ಕೊನೆಗೆ ಮರೆವಿನ ಎರಡು ಸಜ್ದಾ ಮಾಡಬೇಕು. ನಾನು ಅದನ್ನು ಮಾಡಿದ ಲೆಕ್ಕ ಇಡಲು ಹೋಗಿಲ್ಲ.

ಅಬ್ಬಾ ಈಗ ದೋಣಿ ಹತ್ತುವುದಿಲ್ಲ. ಮಂಡಿ ನೋವು, ಕುರ್ಚಿಯಲ್ಲೇ ನಮಾಜ್. ನಾನು ಸಂಜೆ ಬಂದರೆ ಎಷ್ಟು ಮೀನು ಎಂದು ಆಮೇಲೆ ಕೇಳುತ್ತಾರೆ.

"ಜುಹರ್?"

"ದೋಣಿಯಲ್ಲೇ ಆಯ್ತು ಅಬ್ಬಾ."

"ಬಿದ್ಯಾ?"