ಬೆಳಿಗ್ಗೆ ಕಾಣದ ಪಿತ್ತದ ಗಂಧೆ

ಪಿತ್ತದ ಗಂಧೆ ಆರು ವಾರ ದಾಟಿಯೂ ಏಳುತ್ತಲೇ ಇದ್ದರೆ ಅದು ದೀರ್ಘಕಾಲದ್ದು. ಒಂದೊಂದು ದದ್ದು ಸಾಮಾನ್ಯವಾಗಿ 24 ಗಂಟೆಯೊಳಗೆ ಗುರುತೂ ಉಳಿಸದೆ ಮಾಯ. ಮನಸ್ಸಿಗೆ ಪೆಟ್ಟು ಕೊಡುವುದು ಇದೇ. ರಾತ್ರಿ ಎರಡಕ್ಕೆ ತೊಡೆ, ಬೆನ್ನು, ಲಾಡಿ ಬಿಗಿದ ಸೊಂಟದ ಸುತ್ತ ಕೆಂಪಗೆ ಉಬ್ಬಿ ಉರಿ. ಬೆಳಿಗ್ಗೆ ಡಾಕ್ಟರ ಮುಂದೆ ಕೂತಾಗ ಚರ್ಮ ನುಣ್ಣಗೆ. ಮನೆಯವರಿಗೂ ಅನುಮಾನ, ಕೊನೆಗೆ ತನ್ನ ಮೇಲೆ ತನಗೇ.

ಹಾಗಾಗಿ ದದ್ದು ಎದ್ದಾಗಲೇ ಫೋಟೊ ತೆಗೆದಿಡಿ. ದಿನಾ ಎರಡು ಅಂಕ ಬರೆಯಿರಿ: ತುರಿಕೆಗೆ 0ಯಿಂದ 3, ದದ್ದು ಇಲ್ಲದಿದ್ದರೆ 0, 20ರೊಳಗಿದ್ದರೆ 1, 50ರವರೆಗೆ 2, ದಾಟಿದರೆ 3. ವಾರದ ಮೊತ್ತ ಹೆಚ್ಚೆಂದರೆ 42. ಪಕ್ಕದಲ್ಲೇ ಎಷ್ಟು ಗಂಟೆ ನಿದ್ದೆ ಬಂತು, ಯಾವ ಮದುವೆಗೆ ಹೋಗದೆ ಉಳಿದಿರಿ ಅನ್ನುವುದನ್ನೂ ಬರೆಯಿರಿ. ಡಾಕ್ಟರು ಕೇಳದಿದ್ದರೂ ಅದನ್ನು ಹೇಳಿ. ಅದೂ ಕಾಯಿಲೆಯ ಭಾಗವೇ.

“ಬದನೆಕಾಯಿ ತಿಂದ್ಯಾ? ಟೆನ್ಷನ್ ಮಾಡ್ಕೋಬೇಡ” ಅನ್ನುವವರು ಗಮನಿಸಿ: ಹೆಚ್ಚಿನವರಲ್ಲಿ ಹೊರಗಿನ ಕಾರಣ ಸಿಗುವುದೇ ಇಲ್ಲ. ಒತ್ತಡ ಹೆಚ್ಚಿಸಬಹುದು, ಆದರೆ ತಪ್ಪು ರೋಗಿಯದಲ್ಲ. ಕಂಬಳಿಯಲ್ಲಿ ಉಜ್ಜಬೇಡಿ, ಉಜ್ಜಿದಷ್ಟೂ ತುರಿಕೆ ತರಿಸುವ ಹಿಸ್ಟಮಿನ್ ಅನ್ನುವ ರಾಸಾಯನಿಕ ಚರ್ಮದಲ್ಲಿ ಬಿಡುಗಡೆಯಾಗಿ ಮತ್ತೆ ಏಳುತ್ತದೆ.

ದದ್ದು ಎದ್ದ ದಿನ ಮಾತ್ರ ಮಾತ್ರೆ ನುಂಗುವುದೂ ಸೋಲುವ ದಾರಿಯೇ. ಹಿಸ್ಟಮಿನ್ ತಡೆಯುವ, ನಿದ್ದೆ ತರಿಸದ ಆಂಟಿಹಿಸ್ಟಮಿನ್ ಮಾತ್ರೆ ದಿನವೂ ಬೇಕು. ಸಾಲದಿದ್ದರೆ ಡಾಕ್ಟರು ನಾಲ್ಕು ಪಟ್ಟಿನವರೆಗೆ ಏರಿಸುತ್ತಾರೆ, ಅದಕ್ಕೂ ಬಗ್ಗದಿದ್ದರೆ ಒಮಾಲಿಝುಮ್ಯಾಬ್ ಇಂಜೆಕ್ಷನ್ ಇದೆ. “ಹೀಗೇ ಇರೋದು” ಅಂದುಕೊಂಡು ವರ್ಷಗಟ್ಟಲೆ ಕೆರೆದುಕೊಳ್ಳುತ್ತಿರುವವರನ್ನು ನೆನೆದರೆ ಸಂಕಟವಾಗುತ್ತದೆ. ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.