ಅಳತೆ ಅಂದಮೇಲೆ ಅಭಿಪ್ರಾಯಕ್ಕೆ ಜಾಗ ಎಲ್ಲಿ?

‘ವಿಜ್ಞಾನ ಅಂದರೆ ಅಳತೆ. ಅದರಲ್ಲಿ ನೋಡುವವರ ಮರ್ಜಿ ಎಲ್ಲಿಂದ ಬಂತು?’ ಹೀಗೆ ಕೇಳುವವರಿಗೆ ನಾನು ಪಾದರಸದ ಬಿಪಿ ಯಂತ್ರವನ್ನು ತೋರಿಸುತ್ತೇನೆ.

ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ, ಪಾದರಸದ ಮಟ್ಟವನ್ನು ಸೆಕೆಂಡಿಗೆ ಸುಮಾರು 2 ಮಿ.ಮೀ.ನಂತೆ ಇಳಿಸುತ್ತ ಸ್ಟೆತಾಸ್ಕೋಪಿಗೆ ಕಿವಿಗೊಡಬೇಕು. ಟಕ್ ಟಕ್ ಶುರುವಾದಲ್ಲಿ ಮೇಲಿನ ಅಂಕಿ, ನಿಂತಲ್ಲಿ ಕೆಳಗಿನದು. ಗಾಳಿಯನ್ನು ಅವಸರದಲ್ಲಿ ಬಿಟ್ಟರೆ ಮೊದಲ ಸದ್ದು ತಪ್ಪಿ ಮೇಲಿನ ಅಂಕಿ ಕಮ್ಮಿ ಬರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಜಾಸ್ತಿ ಬರುತ್ತದೆ. ಒಳಗಿನ ರಬ್ಬರ್ ಚೀಲ ತೋಳಿನ ಸುತ್ತಳತೆಯಲ್ಲಿ ಶೇ. 80ರಷ್ಟನ್ನಾದರೂ ಸುತ್ತಬೇಕು. ತೋಳು ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗೆ ಜೋತುಬಿದ್ದರೆ 7-8 ಮಿ.ಮೀ. ಏರಿಕೆ. ಇವೆಲ್ಲ ಕಲಿಸಿ ತಿದ್ದಬಹುದಾದ ತಪ್ಪುಗಳು.

ತಿದ್ದಲು ಕಷ್ಟವಾದದ್ದು ಕಣ್ಣು. ಗಾಜಿನ ಕೊಳವೆಯ ಮೇಲೆ 2 ಮಿ.ಮೀ.ಗೊಂದು ಗೀಟು. ಹಾಗಾಗಿ ಕೊನೆಯ ಅಂಕಿ 0, 2, 4, 6, 8 ಹೆಚ್ಚುಕಮ್ಮಿ ಸಮನಾಗಿ ಬರಬೇಕು. ಬಿಪಿ ಬರೆದಿಟ್ಟ ಪುಸ್ತಕಗಳಲ್ಲಿ ಕಾಣುವುದೇನು? 120/80, 130/80, 140/90. ಸೊನ್ನೆಗಳ ಸಂತೆ! 125 ಅಂತ ಬರೆದಿದ್ದರಂತೂ ಕೇಳುವುದೇ ಬೇಡ, ಅಲ್ಲಿ ಗೀಟೇ ಇಲ್ಲ. ಇದನ್ನು ತಡೆಯಲೆಂದೇ ಅಳತೆ ಶುರುವಾಗುವ ಸೊನ್ನೆಯ ಜಾಗವನ್ನೇ ಪ್ರತಿ ಸಲ ಗುಟ್ಟಾಗಿ ಬದಲಿಸುವ ಹಾಕ್ಸ್‌ಲಿ ಯಂತ್ರ ಬಂತು: ಮೊದಲು ಓದಿ ಬರೆಯಬೇಕು, ಆಮೇಲೆ ಗುಟ್ಟಿನ ಅಂಕಿಯನ್ನು ನೋಡಿ ಕಳೆಯಬೇಕು. ಆದರೆ ಸಾಮಾನ್ಯ ಯಂತ್ರದ ಜತೆ ಹೋಲಿಸಿದಾಗ ಅದು ಬಿಪಿಯನ್ನೇ ತುಸು ಕಮ್ಮಿ ತೋರಿಸುತ್ತಿತ್ತು.

ಹಾಗಂತ ಬಿಪಿ ಎನ್ನುವುದೇ ಕಟ್ಟುಕತೆಯಲ್ಲ. ಒತ್ತಡ ಏರಿದಷ್ಟೂ ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಆದರೆ ಆ ಏರಿಕೆ ಇಳಿಜಾರಿನಂತೆ ಸಾಗುತ್ತದೆ, ನಡುವೆ ಮೆಟ್ಟಿಲಿಲ್ಲ. ‘ಕಾಯಿಲೆ ಇಲ್ಲಿಂದ’ ಎಂದು ಗೆರೆ ಎಳೆಯುವವರು ನಾವೇ. 2017ರಲ್ಲಿ ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು ಗೆರೆಯನ್ನು 130/80ಕ್ಕೆ ಇಳಿಸಿದವು. ಮರುವರ್ಷ ಯುರೋಪಿನವರು 140/90 ಅನ್ನೇ ಉಳಿಸಿಕೊಂಡರು. ಬಿಪಿಯನ್ನು ಇನ್ನಷ್ಟು ಇಳಿಸಿದರೆ ಲಾಭವೇ ಎಂದು ನೋಡಿದ, 9,361 ಜನರ ಸ್ಪ್ರಿಂಟ್ ಪ್ರಯೋಗದ ಫಲಿತಾಂಶ ಇಬ್ಬರ ಮುಂದೆಯೂ ಇತ್ತು. ಎಷ್ಟು ಜನ ಮಾತ್ರೆ ನುಂಗಿದರೆ ಒಬ್ಬರಿಗೆ ಲಾಭ, ಅದಕ್ಕಾಗಿ ಎಷ್ಟು ಜನ ತಲೆಸುತ್ತು ಸಹಿಸಬೇಕು ಎಂಬ ತೂಕ ಇಬ್ಬರಿಗೂ ಒಂದೇ ಆಗಿರಲಿಲ್ಲ, ಅಷ್ಟೇ.

ಮನೆಯಲ್ಲಿ ನೋಡಿಕೊಳ್ಳುವವರಿಗೆ: ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಮಾತಾಡದೆ ಕೂತು, ನಿಮಿಷದ ಅಂತರದಲ್ಲಿ ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, 7 ದಿನ ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಆಸ್ಪತ್ರೆಯ 140/90ಕ್ಕೆ ಮನೆಯಲ್ಲಿ 135/85 ಸಮ. ಮನಸ್ಸಿಗೆ ಒಪ್ಪುವ ಅಂಕಿ ಬರುವ ತನಕ ಮತ್ತೆ ಮತ್ತೆ ಗುಂಡಿ ಒತ್ತಬೇಡಿ.