ಮನೆ ದುಡ್ಡು ಅಂಗಡಿ ಸಾಲಕ್ಕೆ ಜಮಾ

ಮಾರ್ಚ್ ಕೊನೆಯ ವಾರ ಬ್ಯಾಂಕಿನವರನ್ನು ಯಾರೂ ಮಾತಾಡಿಸಬಾರದು. ಎಸ್‌ಎಂಎ ಲಿಸ್ಟ್, ಅಂದರೆ ಕಂತು ಬಾಕಿ ಬಿದ್ದ ಸಾಲಗಳ ಪಟ್ಟಿ, ಬೆಳಿಗ್ಗೆ ಒಂದು ಬರುತ್ತದೆ, ಸಂಜೆ ಇನ್ನೊಂದು. ಆರ್‌ಓದಿಂದ, ಅಂದರೆ ಪ್ರಾದೇಶಿಕ ಕಚೇರಿಯಿಂದ, ಫೋನ್ ಮೇಲೆ ಫೋನ್. ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ. ಯಾವ ಖಾತೆ ಜಾರುತ್ತದೆ, ಯಾವುದನ್ನು ಹಿಡಿದು ನಿಲ್ಲಿಸಬಹುದು ಅನ್ನುವುದು ಬಿಟ್ಟರೆ ತಲೆಯಲ್ಲಿ ಬೇರೆ ಏನೂ ಇರುವುದಿಲ್ಲ. ನಾನು ಹುಣಸೂರು ಕಡೆಯ ಒಂದು ಶಾಖೆಯಲ್ಲಿ ಲೋನ್ ಡೆಸ್ಕ್ ನೋಡಿಕೊಳ್ಳುತ್ತಿದ್ದಾಗ, ಅಂಥದ್ದೇ ಮಾರ್ಚ್‌ನಲ್ಲಿ ನಡೆದ ಸಂಗತಿ ಇದು.

ನಮ್ಮ ಶಾಖೆಯ ವ್ಯಾಪ್ತಿಗೆ ಜೇನುಕುರುಬರ ಹಾಡಿಗಳು, ಅಂದರೆ ಆ ಆದಿವಾಸಿಗಳ ಕೇರಿಗಳು, ಬರುತ್ತಿದ್ದವು. ಅವರಿಗೆ ಸಾಲ ಕೊಡಿ ಅಂತ ಮೇಲಿನಿಂದ ಒತ್ತಾಯ, ಕೊಟ್ಟರೆ ವಸೂಲಿ ಎಲ್ಲಿ ಅಂತ ಅದೇ ಮೇಲಿನಿಂದ ಬೈಗುಳ. ಸಾಲದ ಚರಿತ್ರೆ ನೋಡಲು ಸಿಬಿಲ್ ಅಂಕ ತೆಗೆದರೆ ಮೈನಸ್ ಒಂದು. ಯಾರೂ ಇವರಿಗೆ ಇದುವರೆಗೆ ಸಾಲ ಕೊಟ್ಟಿಲ್ಲ ಅಂತ ಅದರರ್ಥ, ಅಷ್ಟೇ. ಆದರೆ ನಮ್ಮಲ್ಲಿ ಕೆಲವರು ಅದನ್ನು ಕಳ್ಳತನದ ಕೇಸಿನ ಹಾಗೆ ನೋಡುತ್ತಾರೆ.

ಆ ಹಾಡಿಯ ಒಬ್ಬ ಹೆಂಗಸು ಅಂಗಡಿ ಹಾಕಲು ಸಾಲ ಕೇಳಿಕೊಂಡು ಬಂದರು. ಮೊದಲು ಪರಿಶಿಷ್ಟ ಪಂಗಡಗಳ ನಿಗಮಕ್ಕೆ ಅರ್ಜಿ ಹಾಕಿದ್ದರಂತೆ. ಆದಿವಾಸಿ ಮಹಿಳಾ ಸಶಕ್ತೀಕರಣ ಯೋಜನೆಯಲ್ಲಿ 2 ಲಕ್ಷದವರೆಗಿನ ಕಸುಬಿಗೆ 4% ಬಡ್ಡಿಯಲ್ಲಿ ಸಾಲ ಸಿಗುತ್ತದೆ. ಅದರ ಪಟ್ಟಿ ಬರುವುದನ್ನು ಕಾದು ಕಾದು ಸಾಕಾಗಿ ನಮ್ಮ ಹತ್ತಿರ ಬಂದಿದ್ದರು. ಹಾಡಿಯವರು ಅಕ್ಕಿ, ಎಣ್ಣೆ, ಹೊಗೆಸೊಪ್ಪು ಎಲ್ಲವನ್ನೂ ಮೇನ್ ರೋಡಿನ ಅಂಗಡಿಯಲ್ಲಿ ಉದ್ರಿ ತರುತ್ತಿದ್ದರು. ಜೇನಿನ ಕಾಲಕ್ಕೆ ಅಂಗಡಿಯವನು ಹೇಳಿದ ರೇಟಿಗೆ ಜೇನು ಕೊಟ್ಟು ಲೆಕ್ಕ ತೀರಿಸುತ್ತಿದ್ದರು. ತೀರುತ್ತಿತ್ತಾ ಅನ್ನುವುದು ಬೇರೆ ಮಾತು. "ಅಂಗಡಿ ಹಾಡಿಯೊಳಗೇ ಇದ್ರೆ ಜೇನು ನಮ್ಮ ಕೈಲೇ ಉಳೀತದೆ ಸಾರ್" ಅಂದರು. ನಾನು ಓದಿದ ಎಷ್ಟೋ ಪ್ರಾಜೆಕ್ಟ್ ರಿಪೋರ್ಟ್‌ಗಳಿಗಿಂತ ಈ ಮಾತು ಗಟ್ಟಿಯಾಗಿತ್ತು.

ಸೆಕ್ಯುರಿಟಿ ಏನು ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. "ಅರಣ್ಯ ಹಕ್ಕುಪತ್ರ ಇದೆಯಲ್ಲ, ಇಟ್ಕೊಳ್ಳಿ." ಇಟ್ಟುಕೊಂಡು ಏನು ಮಾಡುವುದು? 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಕಾಡಿನ ಜಾಗದ ಮೇಲಿನ ಆ ಹಕ್ಕು ಗಂಡ ಹೆಂಡತಿ ಇಬ್ಬರದ್ದೂ. ಮಕ್ಕಳಿಗೆ ಹೋಗುತ್ತದೆ. ಆದರೆ ಮಾರುವ ಹಾಗಿಲ್ಲ, ಪರಭಾರೆ ಮಾಡುವ ಹಾಗಿಲ್ಲ. ಬ್ಯಾಂಕಿಗೆ ಅದು ಅಡಮಾನಕ್ಕೆ ಬಾರದ ಕಾಗದ. ನನ್ನ ಪ್ರಕಾರ ಹಾಗಿರುವುದೇ ಒಳ್ಳೆಯದು. ಅಡ ಇಡಬಹುದಾಗಿದ್ದರೆ ಇಷ್ಟು ಹೊತ್ತಿಗೆ ಎಷ್ಟು ಹಾಡಿಗಳು ರೆಸಾರ್ಟ್ ಆಗಿರುತ್ತಿದ್ದವೋ! ಇದರ ಇನ್ನೊಂದು ಪರಿಣಾಮ ಏನೆಂದರೆ, ಆ ಜಾಗದಲ್ಲಿ ಮನೆ ಕಟ್ಟಲು ಹೋಮ್ ಲೋನ್ ಸಿಗುವುದಿಲ್ಲ. ಮನೆ ಆಗಬೇಕೆಂದರೆ ಸರ್ಕಾರದ ಸಹಾಯಧನವೇ ಗತಿ. ಈ ಮಾತು ಮುಂದೆ ಬರುತ್ತದೆ.

ಸಣ್ಣ ವ್ಯಾಪಾರಿಗಳಿಗಿರುವ ಮುದ್ರಾ ಸಾಲದಲ್ಲಿ 10 ಲಕ್ಷದವರೆಗೆ ಅಡಮಾನ ಕೇಳುವ ಹಾಗಿಲ್ಲ. ಅದರ ಕಿಶೋರ್ ವಿಭಾಗದಲ್ಲಿ 1 ಲಕ್ಷ ಸ್ಯಾಂಕ್ಷನ್ ಮಾಡಿದೆ. ಟರ್ಮ್ ಲೋನ್, 36 ಕಂತು, ತಿಂಗಳಿಗೆ 3,300ರ ಹತ್ತಿರ ಇಎಂಐ, ಉಳಿತಾಯ ಖಾತೆಯಿಂದ ಕಂತು ತಾನಾಗಿ ಕಡಿತವಾಗುವ ಆಟೋ ರಿಕವರಿ. ಅಂಗಡಿಯ ಮಾಲಿಗೆ ಕೊಡಬೇಕಾದದ್ದು ಬೇಕಾದಾಗ ತೆಗೆದು ಮಾರಾಟವಾದ ಹಾಗೆ ಕಟ್ಟುವ ಸಿಸಿ ಲಿಮಿಟ್ ಅಂತ ಬ್ಯಾಂಕಿಗೆ ಸೇರಿದ ಮೊದಲ ವರ್ಷವೇ ಕಲಿಸುತ್ತಾರೆ. ಆದರೆ ಸಿಸಿ ಅಂದರೆ ವರ್ಷ ವರ್ಷ ರಿನ್ಯೂವಲ್, ಸ್ಟಾಕ್ ಸ್ಟೇಟ್‌ಮೆಂಟ್, ಇನ್ಸ್‌ಪೆಕ್ಷನ್. ಟರ್ಮ್ ಲೋನ್ ಆದರೆ ಪೋರ್ಟಲ್‌ನಲ್ಲಿ ನಾಲ್ಕು ಕ್ಲಿಕ್. ನಾನು ನಾಲ್ಕು ಕ್ಲಿಕ್ಕಿನ ದಾರಿ ಹಿಡಿದೆ.

ಅಂಗಡಿ ಚೆನ್ನಾಗಿಯೇ ನಡೆಯಿತು, ಡಿಸೆಂಬರ್‌ವರೆಗೆ. ಆಮೇಲೆ ಹಾಡಿ ಖಾಲಿ. ಕೊಡಗಿನಲ್ಲಿ ಕಾಫಿ ಹಣ್ಣಿನ ಕೊಯ್ಲು ಶುರುವಾದರೆ ಜನ ಸಂಸಾರ ಸಮೇತ ಎಸ್ಟೇಟಿನ ಲೈನ್ ಮನೆಗಳಿಗೆ ಹೋಗಿಬಿಡುತ್ತಾರೆ. ಉದ್ರಿ ತಂದವರು ಅಲ್ಲಿ, ಅಂಗಡಿ ಇಲ್ಲಿ. ಡಿಸೆಂಬರ್ ಕೊನೆಯ ಕಂತು ಬೌನ್ಸ್, ಜನವರಿ ಬೌನ್ಸ್, ಫೆಬ್ರವರಿ ಬೌನ್ಸ್. ಮಾರ್ಚ್ ಹೊತ್ತಿಗೆ ಆ ಖಾತೆ ಎಸ್‌ಎಂಎ 2ರಲ್ಲಿ, ಅಂದರೆ ಎಚ್ಚರಿಕೆಯ ಕೊನೆಯ ಹಂತದಲ್ಲಿ, ಕೂತಿತ್ತು. ಬಾಕಿಗೆ 90 ದಿನ ತುಂಬಿದರೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ.

ಒಂದು ದಿನ ಬೆಳಿಗ್ಗೆ ಲಿಸ್ಟ್ ತೆಗೆದರೆ ಆ ಖಾತೆ ಇಲ್ಲ! ಬಾಕಿಯೆಲ್ಲ ಚುಕ್ತಾ. ನನಗೆ ಎಷ್ಟು ಖುಷಿಯಾಯಿತು ಅಂದರೆ, ಅವತ್ತಿನ ಆರ್‌ಓ ವೀಡಿಯೊ ಕಾಲ್‌ನಲ್ಲಿ ಎಲ್ಲರೆದುರು ಭಾಷಣ ಬಿಗಿದೆ. ಹಾಡಿಯವರಿಗೆ ಸಾಲ ಕೊಟ್ಟರೆ ಮುಳುಗುತ್ತದೆ ಅಂತೀರಲ್ಲ, ನೋಡಿ, ಹಬ್ಬಕ್ಕೆ ಮುಂಚೆ ಮೂರು ಕಂತು ಒಟ್ಟಿಗೆ ಕಟ್ಟಿದ್ದಾರೆ ಅಂತ. ಯಾರೋ ಚಪ್ಪಾಳೆಯ ಇಮೋಜಿ ಕೂಡ ಹಾಕಿದರು. ದುಡ್ಡು ಎಲ್ಲಿಂದ ಬಂತು ಅಂತ ಖಾತೆ ತೆರೆದು ನೋಡುವುದಕ್ಕೆ ಅರ್ಧ ನಿಮಿಷ ಸಾಕಿತ್ತು.

ಮಾರ್ಚ್ ಕೊನೆಯ ವಾರ ಆ ಹೆಂಗಸು ಬಂದರು. ಜೊತೆಗೆ ಹಾಡಿಯ ಯಜಮಾನರು, ಮನೆ ಕಟ್ಟುವ ಮೇಸ್ತ್ರಿ. ಪಾಸ್‌ಬುಕ್ ಪ್ರಿಂಟ್ ಹಾಕಿಸಿಕೊಂಡು ಸೀದಾ ನನ್ನ ಟೇಬಲ್ಲಿಗೆ. ಒಂದು ಸಾಲಿನಲ್ಲಿ ಪಿಎಂ ಜನ್‌ಮನ್ ಮನೆಯ ಸಹಾಯಧನದ ಮೊದಲ ಕಂತು ಜಮಾ. ಅದರ ಕೆಳಗೇ, ಅದೇ ತಾರೀಖು, ಸುಮಾರು 10,000 ಖರ್ಚು. ಷರಾ: ಲೋನ್ ರಿಕವರಿ.

ತೀರಾ ಹಿಂದುಳಿದ ಆದಿವಾಸಿಗಳಿಗಾಗಿ 2023ರ ನವೆಂಬರ್‌ನಲ್ಲಿ ಶುರುವಾದ ಕೇಂದ್ರದ ಯೋಜನೆ ಅದು. ಕರ್ನಾಟಕದಲ್ಲಿ ಜೇನುಕುರುಬರು ಮತ್ತು ಕೊರಗರಿಗೆ ಮಾತ್ರ. ಮನೆಗೆ 2 ಲಕ್ಷ. ನರೇಗಾ ಕೂಲಿ, ಶೌಚಾಲಯದ 12,000 ಎಲ್ಲ ಸೇರಿ ಆಗ 2.39 ಲಕ್ಷ ಆಗುತ್ತಿತ್ತು. ಸರ್ಕಾರದ ಸಹಾಯಧನವನ್ನು ಸಾಲಕ್ಕೆ ಹೊಂದಿಸಿಕೊಳ್ಳಬೇಡಿ ಅಂತ ನಮಗೆ ಮೀಟಿಂಗ್‌ಗಳಲ್ಲಿ ಹೇಳುತ್ತಲೇ ಇರುತ್ತಾರೆ. ನಾವು ತಲೆ ಆಡಿಸುತ್ತಲೇ ಇರುತ್ತೇವೆ. ಆದರೆ ರಾತ್ರಿ ಬ್ಯಾಚ್ ಓಡಿಸುವ ಸಿಸ್ಟಮ್ ಮೀಟಿಂಗಿಗೆ ಬರುವುದಿಲ್ಲ. ಖಾತೆಯಲ್ಲಿ ದುಡ್ಡು ಕಂಡಿತು, ಎಳೆದುಕೊಂಡಿತು.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಚೀಲದಿಂದ ಅಂಗಡಿಯ ಉದ್ರಿ ಪುಸ್ತಕ ತೆಗೆದು ನನ್ನ ಮುಂದೆ ಬಿಡಿಸಿಟ್ಟರು. ನೂರು ಪುಟದ ಸ್ಕೂಲ್ ನೋಟ್‌ಬುಕ್. ಮನೆಗೊಂದು ಪುಟ. ಕೊಡಗಿಗೆ ಹೋದವರ ಪುಟದ ಮೇಲೆಲ್ಲ ಕೆಂಪು ಪೆನ್ನಿನಲ್ಲಿ ಒಂದೇ ಮಾತು, "ಉಗಾದಿಗೆ".

"ಇವ್ರೆಲ್ಲ ನಂಗೂ ಕೊಡಬೇಕು ಸಾರ್. ಇವ್ರಿಗೂ ಮನೆ ದುಡ್ಡು ಬಂದದೆ. ನಾನು ಅದಕ್ಕೆ ಕೈ ಹಾಕಿದೀನಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ಯಾಂಕಿನವರ ಹಳೇ ಮಾತು ಬಾಯಿಗೆ ಬಂತು. "ಮಾರ್ಚ್ ಮುಗೀಲಿ ಅಮ್ಮ, ಏಪ್ರಿಲ್ ಒಂದಕ್ಕೆ ನೋಡೋಣ."

ಆಗ ಯಜಮಾನರು ಬಾಯಿ ಬಿಟ್ಟರು. ಪಾಯ ಅಗೆದು ಬಿಟ್ಟಿದ್ದಾರೆ. ಸಿಮೆಂಟು, ಕಬ್ಬಿಣಕ್ಕೆ ಹೇಳಿಯಾಗಿದೆ. ಪಾಯ ಆದ ಫೋಟೋ ಪಂಚಾಯಿತಿಯವರು ಮೊಬೈಲ್‌ನಲ್ಲಿ ಏರಿಸಿದರೆ ಮಾತ್ರ ಮುಂದಿನ ಕಂತು. ಮೇಸ್ತ್ರಿಗೆ ಬೇರೆ ಕಡೆ ಕೆಲಸ ಕಾಯುತ್ತಿದೆ, ಈಗ ಬಿಟ್ಟರೆ ಮತ್ತೆ ಸಿಗುವುದು ಯಾವಾಗಲೋ. ಅಷ್ಟರಲ್ಲಿ ಮಳೆ ಹಿಡಿಯುತ್ತದೆ, ಅಗೆದ ಗುಂಡಿ ಕುಸಿಯುತ್ತದೆ. ಇಷ್ಟನ್ನೂ ಪಂಚಾಯಿತಿ ಎಂಜಿನಿಯರ್‌ಗಿಂತ ಸರಿಯಾಗಿ ಹೇಳಿದರು. ನಾನು ನಾಲ್ಕೈದು ದಿನ ತಳ್ಳಿದರೆ ಏನು ಮಹಾ ಅಂದುಕೊಂಡಿದ್ದೆ. ಆ ನಾಲ್ಕೈದು ದಿನ ಅವರ ಲೆಕ್ಕದಲ್ಲಿ ಒಂದು ಮಳೆಗಾಲ.

ಆರ್‌ಓಗೆ ಫೋನ್ ಹಚ್ಚಿದೆ. ಎಂಟ್ರಿ ರಿವರ್ಸ್ ಮಾಡಬೇಕು ಅಂದೆ. ಆ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ. ಆಮೇಲೆ, "ರಿಕವರಿ ಆಗಿರೋದನ್ನ ಯಾರಾದ್ರೂ ವಾಪಸ್ ಕೊಡ್ತಾರೇನ್ರೀ? ಅದೂ ಈ ವಾರ? ಮೊನ್ನೆ ನೀವೇ ಅಲ್ವಾ ಹೇಳಿದ್ದು, ಮೂರು ಕಂತು ಕಟ್ಟಿದ್ದಾರೆ ಅಂತ?" ಸ್ಪೀಕರ್ ಆನ್ ಇತ್ತು. ಮೂವರೂ ಕೇಳಿಸಿಕೊಂಡರು. ಮೇಸ್ತ್ರಿ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ.

ನಮ್ಮ ಮ್ಯಾನೇಜರ್ ಮೇಡಂ ಕ್ಯಾಬಿನ್‌ನಿಂದ ಎದ್ದು ಬಂದು ಪಾಸ್‌ಬುಕ್ ಓದಿದರು. "ಖಾತೆ ಎನ್‌ಪಿಎಗೆ ಸ್ಲಿಪ್ ಆಗೋದಾದ್ರೆ ಆಗ್ಲಿ. ರಿವರ್ಸ್ ಮಾಡಿ. ಎಕ್ಸ್‌ಪ್ಲನೇಷನ್ ಕೇಳಿದ್ರೆ ಬರ್ಕೊಡೋಣ." ಸಂಜೆಯೊಳಗೆ ದುಡ್ಡು ವಾಪಸ್ ಹೋಯಿತು. ಮಾರ್ಚ್ 31ಕ್ಕೆ ಖಾತೆ ಎನ್‌ಪಿಎ ಆಯಿತು. ಎಕ್ಸ್‌ಪ್ಲನೇಷನ್ ಕೇಳಿದರು. ಬರೆದುಕೊಟ್ಟೆವು. ಅದರಲ್ಲಿ ಮೇಡಂ ಸಹಿಯ ಕೆಳಗೆ ನನ್ನದೂ ಇದೆ. ಆ ವರ್ಷದ ಅಪ್ರೈಸಲ್ ಬಗ್ಗೆ ಮಾತಾಡುವುದು ಬೇಡ.

ಉಗಾದಿ ಮುಗಿಸಿ ಏಪ್ರಿಲ್‌ನಲ್ಲಿ ಅವರು ಬಾಕಿಯೆಲ್ಲ ತಂದು ಕಟ್ಟಿದರು. ಹತ್ತು, ಇಪ್ಪತ್ತು, ಐವತ್ತರ ನೋಟುಗಳು ಜಾಸ್ತಿ. ಕ್ಯಾಷಿಯರ್ ಗೊಣಗಿದರು. 2021ರಲ್ಲಿ ಆರ್‌ಬಿಐ ಸ್ಪಷ್ಟಪಡಿಸಿದ ಮೇಲೆ ಎನ್‌ಪಿಎ ಖಾತೆ ಮೇಲೇಳಬೇಕಾದರೆ ಪೂರ್ತಿ ಬಾಕಿ ಬರಬೇಕು, ಬರೀ ಬಡ್ಡಿ ಕಟ್ಟಿದರೆ ಆಗುವುದಿಲ್ಲ. ಪೂರ್ತಿಯೇ ಬಂತು. ಆಮೇಲೆ ಟರ್ಮ್ ಲೋನ್ ಮುಚ್ಚಿ ಸಿಸಿ ಮಾಡಿದೆ. ಬಡ್ಡಿ ತಿಂಗಳು ತಿಂಗಳು, ಅಸಲು ಮಾಲು ಮಾರಿದ ಹಾಗೆ. ಮೊದಲೇ ಮಾಡಬೇಕಿತ್ತು.

ಅದೇ ವರ್ಷ ಹಾಡಿಗಳಿಗೆ ಸೇರಿ, ಕಾಡಿನ ಉತ್ಪನ್ನ ಹಸನು ಮಾಡಿ ಮಾರುವ ವನ್ ಧನ್ ಕೇಂದ್ರವೂ ಬಂತು. 15 ಸ್ವಸಹಾಯ ಸಂಘ, ಒಟ್ಟು 300 ಜನ, ಕೇಂದ್ರಕ್ಕೆ 15 ಲಕ್ಷದವರೆಗೆ ಅನುದಾನ. ಖಾತೆ ನಮ್ಮಲ್ಲೇ. ಜೇನು ಸೋಸುವ ಮೆಷಿನ್ ಬಂದು ಇಳಿಯಿತು. ಅದಕ್ಕೆ ಬೇಕಾದ ತ್ರೀ ಫೇಸ್ ಲೈನ್ ಮಾತ್ರ ಬರಲಿಲ್ಲ. ಆ ಸಲ ಹೆಂಗಸರು ಬಟ್ಟೆಯಲ್ಲೇ ಸೋಸಿ ಬಾಟಲಿ ತುಂಬಿದರು. ಮೆಷಿನ್ ತರಿಸಿದವರನ್ನು ಕೇಳಿದರೆ ಕರೆಂಟು ನಮ್ಮ ಬಾಬತ್ತಲ್ಲ ಅಂತಾರೆ. ನಾನೂ ಅದೇ ಜಾತಿಯವನಲ್ಲವೇ, ಸಾಲ ನನ್ನ ಬಾಬತ್ತು, ಮನೆ ಪಂಚಾಯಿತಿಯದ್ದು ಅಂದುಕೊಂಡಿದ್ದವನು.

ಈಗ ಹಾಡಿಯಿಂದ ಯಾರೇ ಸಾಲಕ್ಕೆ ಬರಲಿ, ಕೊಡಗಿಗೆ ಹೋಗುವುದು ಯಾವಾಗ, ಬರುವುದು ಯಾವಾಗ ಅಂತ ಮೊದಲು ಕೇಳುತ್ತೇನೆ. ಆಧಾರ್, ಫೋಟೋ ಆಮೇಲೆ. ಮನೆ ಮಂಜೂರಾಗಿದ್ದರೆ ಆಟೋ ರಿಕವರಿಯ ಟಿಕ್ ತೆಗೆದುಬಿಡುತ್ತೇನೆ. ಅದಕ್ಕೆ ಪ್ರತಿ ಸಲ ಮೇಲಿನವರ ಅಪ್ರೂವಲ್ ಬೇಕು, ಪ್ರತಿ ಸಲ ಯಾಕೆ ಅಂತ ಕೇಳುತ್ತಾರೆ, ಪ್ರತಿ ಸಲ ಅದೇ ಉತ್ತರ ಬರೆಯುತ್ತೇನೆ. ಡಿಬಿಟಿಯಾಗಿ, ಅಂದರೆ ಸರ್ಕಾರದಿಂದ ನೇರವಾಗಿ, ಜಮಾ ಆದ ದುಡ್ಡನ್ನು ರಿಕವರಿಗೆ ಮುಟ್ಟದ ಹಾಗೆ ಸಿಸ್ಟಮ್‌ನಲ್ಲೇ ಒಂದು ಫ್ಲ್ಯಾಗ್ ಕೊಡಿ ಅಂತ ಐಟಿಯವರಿಗೆ ಟಿಕೆಟ್ ಹಾಕಿದ್ದೆ. ಸಿಸ್ಟಮ್ ಸರಿಯಾಗಿಯೇ ಕೆಲಸ ಮಾಡುತ್ತಿದೆ ಅಂತ ಬರೆದು ಕ್ಲೋಸ್ ಮಾಡಿದರು. ಮತ್ತೆ ಹಾಕಿದ್ದೇನೆ.